ಸೊನ್ನೆ ಒತ್ತಿದ ಕರೆ ಎಲ್ಲಿಗೆ ಹೋಗುತ್ತದೆ?

ಇಲ್ಲಿ ಕೂತಿರುವವರಲ್ಲಿ ಹೆಚ್ಚಿನವರು ಸಣ್ಣ ಆಫೀಸುಗಳ ಕಂಪ್ಯೂಟರ್ ನೋಡಿಕೊಳ್ಳುವವರು. ಕಂಪ್ಯೂಟರ್ ನೋಡಿಕೊಳ್ಳುತ್ತೀರಿ ಎಂದ ಮೇಲೆ ಒಂದಲ್ಲ ಒಂದು ದಿನ ಫೋನೂ ನಿಮ್ಮ ತಲೆಗೇ ಬರುತ್ತದೆ. ಯಾಕೆಂದರೆ ಈಗ ಆಫೀಸಿನ ಫೋನೂ ಕಂಪ್ಯೂಟರೇ. ಒಂದು ಚಿಕ್ಕ ಪೆಟ್ಟಿಗೆಯಲ್ಲಿ ಆಸ್ಟರಿಸ್ಕ್ ಅನ್ನುವ ಫೋನ್ ಸಾಫ್ಟ್‌ವೇರ್ ಹಾಕಿ, ಅದನ್ನು ಸುಲಭವಾಗಿ ನಡೆಸಲು ಮೇಲೆ ಫ್ರೀಪಿಬಿಎಕ್ಸ್ ಕೂರಿಸಿದರೆ ಇಡೀ ಆಫೀಸಿನ ಎಕ್ಸ್‌ಚೇಂಜ್ ಸಿದ್ಧ.

ಇಂಥ ಫೋನ್ ಕೂರಿಸುವಾಗ ನಾವೆಲ್ಲ ಒಂದು ತಪ್ಪು ಮಾಡುತ್ತೇವೆ. ಒಳಬರುವ ಕರೆಗೆ ಒಂದು ವಾರ ತಲೆ ಕೆಡಿಸಿಕೊಳ್ಳುತ್ತೇವೆ. ಸ್ವಾಗತದ ಧ್ವನಿ ಯಾರದಿರಬೇಕು, ಕನ್ನಡಕ್ಕೆ ಒಂದು ಒತ್ತಬೇಕೋ ಎರಡು ಒತ್ತಬೇಕೋ, ಕಾಯುವಾಗ ಯಾವ ಸಂಗೀತ. ಹೊರಹೋಗುವ ಕರೆಗೆ ಐದು ನಿಮಿಷ. ಒಂದೇ ಒಂದು ರೂಟ್, ಯಾವ ನಂಬರ್ ಒತ್ತಿದರೂ ಹೊರಗೆ ಬಿಡು ಅಂತ ಬರೆದು ಕೈ ತೊಳೆದುಕೊಳ್ಳುತ್ತೇವೆ. ಆ ಐದು ನಿಮಿಷದ ಕೆಲಸದಲ್ಲಿ ಏನೇನು ಅಡಗಿದೆ ಎನ್ನುವುದನ್ನೇ ನಾನು ಇವತ್ತು ಹೇಳಬೇಕು ಅಂತ ಬಂದಿದ್ದೇನೆ.

ನಿಮ್ಮಲ್ಲಿ ಸ್ವಲ್ಪ ವಯಸ್ಸಾದವರಿಗೆ ಟ್ರಂಕ್ ಕಾಲ್ ನೆನಪಿರಬಹುದು. ಎಕ್ಸ್‌ಚೇಂಜಿಗೆ ಫೋನ್ ಮಾಡಿ, ಬೊಂಬಾಯಿಯ ಇಂಥ ನಂಬರ್ ಬೇಕು ಅಂತ ಬುಕ್ ಮಾಡಿ, ಫೋನ್ ಪಕ್ಕದಲ್ಲೇ ಕಾದು ಕೂರುವುದು. ಅರ್ಜೆಂಟ್ ಇದ್ದರೆ ಜಾಸ್ತಿ ದುಡ್ಡು ಕೊಟ್ಟು ಲೈಟ್ನಿಂಗ್ ಕಾಲ್. ಆಗ ದಾರಿ ಹುಡುಕುತ್ತಿದ್ದದ್ದು ಆಪರೇಟರ್. ಯಾವ ಲೈನ್ ಖಾಲಿ ಇದೆ, ಯಾವ ಊರಿನ ಮೂಲಕ ಹೋದರೆ ಸಿಗುತ್ತದೆ, ಯಾರ ಕರೆ ಮೊದಲು ಅನ್ನುವುದೆಲ್ಲ ಆ ಮನುಷ್ಯರ ತಲೆಯಲ್ಲಿ ಇರುತ್ತಿತ್ತು. 1960ರಲ್ಲಿ ಕಾನ್ಪುರ ಮತ್ತು ಲಖನೌ ನಡುವೆ ಎಸ್‌ಟಿಡಿ ಬಂತು. ಆಪರೇಟರ್ ಇಲ್ಲದೆ ನಾವೇ ಬೇರೆ ಊರಿಗೆ ಡಯಲ್ ಮಾಡುವುದು ನಮ್ಮ ದೇಶದಲ್ಲಿ ಶುರುವಾದದ್ದು ಅಲ್ಲಿಂದ. 1986ರಲ್ಲಿ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್‌ನವರ ಮೊದಲ ಗ್ರಾಮೀಣ ಎಕ್ಸ್‌ಚೇಂಜ್ ನಮ್ಮ ಕಿತ್ತೂರಿನಲ್ಲಿ ಕೂತಿತು. ಹೀಗೆ ಒಂದೊಂದಾಗಿ ಆಪರೇಟರ್ ಮಾಡುತ್ತಿದ್ದ ಕೆಲಸ ಯಂತ್ರಕ್ಕೆ ಹೋಯಿತು.

ಇದನ್ನು ಸುಮ್ನೆ ಹೇಳಲಿಲ್ಲ. ನಾವು ಹೊರಹೋಗುವ ರೂಟ್ ಬರೆಯುವಾಗ ಮಾಡುವುದು ಆ ಆಪರೇಟರ್ ಕೆಲಸವನ್ನೇ. ವ್ಯತ್ಯಾಸ ಒಂದೇ. ಆಪರೇಟರ್‌ಗೆ ತಪ್ಪು ನಂಬರ್ ಹೇಳಿದರೆ, 'ಏನ್ರೀ, ಮದ್ರಾಸಾ, ಮೈಸೂರಾ?' ಅಂತ ತಿರುಗಿ ಕೇಳುತ್ತಿದ್ದರು. ಯಂತ್ರ ಕೇಳುವುದಿಲ್ಲ. ಕೊಟ್ಟ ಅಂಕಿಯನ್ನು ಕೊಟ್ಟ ಹಾಗೆ ತೆಗೆದುಕೊಳ್ಳುತ್ತದೆ. ಹಾಗಾಗಿ ಕೇಳುವ ಕೆಲಸ ನಾವು ಮೊದಲೇ ಮಾಡಿರಬೇಕು.

ಮೂರು ಮಾತು ಗೊತ್ತಿದ್ದರೆ ಸಾಕು. ಮೇಜಿನ ಮೇಲಿನ ಫೋನು ಎಕ್ಸ್‌ಟೆನ್ಷನ್. ಹೊರಜಗತ್ತಿಗೆ ಹೋಗುವ ಲೈನು ಟ್ರಂಕ್. ಅದು ಇಂಟರ್ನೆಟ್ ಮೇಲೆ ಬರುವ ಸಿಪ್ ಟ್ರಂಕ್ ಇರಬಹುದು, ಮೂವತ್ತು ಕರೆ ಒಟ್ಟಿಗೆ ಹೊರುವ ಪಿಆರ್‌ಐ ಇರಬಹುದು, ಹಳೆಯ ತಾಮ್ರದ ತಂತಿಯ ಲ್ಯಾಂಡ್‌ಲೈನ್ ಇರಬಹುದು, ಸಿಮ್ ಹಾಕುವ ಜಿಎಸ್‌ಎಂ ಗೇಟ್‌ವೇ ಇರಬಹುದು. ಇವೆರಡರ ನಡುವೆ ಕೂತು, ಇಂಥ ನಂಬರ್ ಬಂದರೆ ಇಂಥ ಟ್ರಂಕಿಗೆ ಕಳಿಸು ಅನ್ನುವುದು ರೂಟ್. ರೂಟಿನೊಳಗೆ ನಂಬರಿನ ಆಕಾರ ಬರೆಯುತ್ತೇವೆ. ಎಕ್ಸ್ ಅಂದರೆ ಸೊನ್ನೆಯಿಂದ ಒಂಬತ್ತರವರೆಗೆ ಯಾವುದೇ ಅಂಕಿ. ಝಡ್ ಅಂದರೆ ಒಂದರಿಂದ ಒಂಬತ್ತು. ಎನ್ ಅಂದರೆ ಎರಡರಿಂದ ಒಂಬತ್ತು. ಚುಕ್ಕೆ ಇಟ್ಟರೆ, ಮುಂದೆ ಎಷ್ಟು ಅಂಕಿ ಬಂದರೂ ಸರಿ ಎಂದರ್ಥ. ಈ ಚುಕ್ಕೆಯನ್ನು ಕಂಡರೆ ನನಗೆ ಭಯ. ಯಾಕೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಈಗ ಶಿವಮೊಗ್ಗದ ಒಂದು ಅಡಿಕೆ ಮಂಡಿಯ ಕಥೆ ಹೇಳುತ್ತೇನೆ. ನಾನು ಈ ಕೆಲಸ ಕಲಿತದ್ದು ಅಲ್ಲಿ ಅಂತಲೇ ಹೇಳಬಹುದು. ಹದಿನಾಲ್ಕು ಫೋನು. ಹಳೆಯ ಇಪಿಎಬಿಎಕ್ಸ್, ಅಂದರೆ ಆಫೀಸಿನೊಳಗಿನ ಹಳೆಯ ಕಾಲದ ಎಕ್ಸ್‌ಚೇಂಜ್ ಪೆಟ್ಟಿಗೆ, ತೆಗೆದು ಹೊಸದು ಕೂರಿಸಿದೆ. ಎರಡು ಲ್ಯಾಂಡ್‌ಲೈನ್ ಉಳಿಸಿಕೊಂಡು, ಸಿಪ್ ಟ್ರಂಕ್ ಒಂದನ್ನು ಹೊಸದಾಗಿ ತೆಗೆದುಕೊಂಡೆವು. ನಾನು ನನ್ನ ಮೊಬೈಲ್‌ಗೆ ಮಾಡಿ ನೋಡಿದೆ, ಬೆಂಗಳೂರಿಗೆ ಮಾಡಿ ನೋಡಿದೆ, ಎಲ್ಲ ಹೋಯಿತು. ಬಿಲ್ ಕೊಟ್ಟು ಬಂದೆ.

ಮೂರನೇ ದಿನ ಫೋನ್ ಬಂತು. ಅರ್ಧ ಕರೆ ಹೋಗುತ್ತಿಲ್ಲ. ಹೋದರೆ ಅಲ್ಲಿ ಎಲ್ಲರೂ ಹಿರಿಯ ಗುಮಾಸ್ತರ ಕಡೆ ಕೈ ತೋರಿಸುತ್ತಿದ್ದಾರೆ. 'ಅವರಿಗೆ ಹೊಸ ಫೋನ್ ಬಳಸೋಕೆ ಬರಲ್ಲ' ಅಂತ. ಆ ಗುಮಾಸ್ತರು ಮುಖ ಸಣ್ಣದು ಮಾಡಿಕೊಂಡು ಕೂತಿದ್ದರು. 'ನೋಡು ಮಾರಾಯ, ಮೂವತ್ತು ವರ್ಷದಿಂದ ಹೀಗೇ ಮಾಡ್ತಾ ಬಂದಿದೀನಿ. ಈಗ ಈ ಸೌಲಭ್ಯ ನಿಮಗಿಲ್ಲ ಅಂತ ಹೇಳ್ತದೆ' ಅಂದರು. 'ಹೇಗೆ ಮಾಡ್ತೀರಿ ಸಾರ್, ನನ್ನ ಎದುರಿಗೆ ಒಂದು ಸಲ ಮಾಡಿ' ಅಂದೆ.

ಅವರು ರಿಸೀವರ್ ಎತ್ತಿದರು. ಸೊನ್ನೆ ಒತ್ತಿದರು. ಕಿವಿಗಿಟ್ಟು ಒಂದು ಕ್ಷಣ ಕಾದರು. ಮತ್ತೆ ಸೊನ್ನೆ, ನಾಲ್ಕು, ನಾಲ್ಕು, ಆಮೇಲೆ ಚೆನ್ನೈ ನಂಬರಿನ ಎಂಟು ಅಂಕಿ.

ನೋಡಿ, ಹಳೆಯ ಇಪಿಎಬಿಎಕ್ಸ್‌ನಲ್ಲಿ ಸೊನ್ನೆ ಅಂದರೆ 'ಹೊರಗಿನ ಲೈನ್ ಕೊಡು'. ಅದು ಒತ್ತಿದ ಕೂಡಲೇ ಪೆಟ್ಟಿಗೆ ಲ್ಯಾಂಡ್‌ಲೈನನ್ನು ಕೈಗೆ ಕೊಡುತ್ತಿತ್ತು, ಎಕ್ಸ್‌ಚೇಂಜಿನ ಟೋನ್ ಕೇಳುತ್ತಿತ್ತು. ಆಮೇಲೆ ಎಸ್‌ಟಿಡಿಗೆ ಇನ್ನೊಂದು ಸೊನ್ನೆ. ಎರಡೂ ಬೇರೆ ಬೇರೆ ಕೆಲಸ, ನಡುವೆ ಒಂದು ಉಸಿರಿನಷ್ಟು ಬಿಡುವು. ಹೊಸ ಐಪಿ ಫೋನ್ ಹಾಗಲ್ಲ. ಒತ್ತಿದ ಅಂಕಿಯನ್ನೆಲ್ಲ ಕೂಡಿಸಿಕೊಂಡು ಒಂದೇ ಸಲ ಕಳಿಸುತ್ತದೆ. ಹಾಗಾಗಿ ನನ್ನ ಯಂತ್ರಕ್ಕೆ ಸಿಕ್ಕಿದ್ದು 0044, ಮುಂದೆ ಎಂಟು ಅಂಕಿ. 00 ಅಂದರೆ ಐಎಸ್‌ಡಿ, ವಿದೇಶದ ಕರೆ. 44 ಅಂದರೆ ಬ್ರಿಟನ್. ಗುಮಾಸ್ತರು ಚೆನ್ನೈಗೆ ಮಾಡಿದರು, ಯಂತ್ರ ಇಂಗ್ಲೆಂಡಿಗೆ ಅಂದುಕೊಂಡಿತು. ಆ ಹೊತ್ತಿಗೆ ಇನ್ನೂ ಐಎಸ್‌ಡಿ ಸೌಲಭ್ಯ ಪಡೆದಿರಲಿಲ್ಲವಾದ್ದರಿಂದ ಕರೆ ಅಲ್ಲೇ ನಿಂತಿತು.

ಅವತ್ತು ಆ ಮೇಜಿನ ಪಕ್ಕವೇ ಕೂತು ಕಾಗದದ ಮೇಲೆ ಬರೆದೆ. ನೀವೂ ಒಮ್ಮೆ ಬರೆದು ನೋಡಿ. ಕೋಲ್ಕತ್ತದ 033ಕ್ಕೆ ಮುಂದೆ ಒಂದು ಸೊನ್ನೆ ಸೇರಿಸಿ: 0033, ಫ್ರಾನ್ಸ್. ಹೈದರಾಬಾದಿನ 040: ರೊಮೇನಿಯಾ. ಮುಂಬೈಯ 022, ಮುಂದೆ 2ರಿಂದ ಶುರುವಾಗುವ ನಂಬರ್: 00222, ಆಫ್ರಿಕಾದ ಮಾರಿಟೇನಿಯಾ. ಮೈಸೂರಿನ 0821, ಮಂಗಳೂರಿನ 0824: ಎರಡೂ 0082, ದಕ್ಷಿಣ ಕೊರಿಯಾ. ದಾವಣಗೆರೆಯ 08192: ಜಪಾನ್. ನಮ್ಮದೇ ಶಿವಮೊಗ್ಗದ 08182 ಕೂಡ ಜಪಾನೇ. ಮೊಬೈಲ್‌ಗೂ ಇದೇ ಪಾಡು. ಲೈನಿಗೊಂದು ಸೊನ್ನೆ, ಮೊಬೈಲಿಗೊಂದು ಸೊನ್ನೆ, ಆಮೇಲೆ 98ರ ನಂಬರ್ ಒತ್ತಿದರೆ ಇರಾನ್. 94ರ ನಂಬರ್ ಆದರೆ ಶ್ರೀಲಂಕಾ. 90 ಆದರೆ ಟರ್ಕಿ. 63 ಆದರೆ ಫಿಲಿಪ್ಪೀನ್ಸ್. 7ರಿಂದ ಶುರುವಾಗುವ ಎಲ್ಲ ಮೊಬೈಲೂ ರಷ್ಯಾ, ಕಝಾಕಸ್ತಾನದ ಕಡೆ. ಬೆಂಗಳೂರಿನ 080 ಮಾತ್ರ ಯಾವ ದೇಶಕ್ಕೂ ಹೊಂದುವುದಿಲ್ಲ, ಅದು ಎಲ್ಲೂ ಹೋಗದೆ ಸಾಯುತ್ತದೆ.

ಮೂವತ್ತು ವರ್ಷ ಸರಿಯಾಗಿಯೇ ಡಯಲ್ ಮಾಡಿದ ಮನುಷ್ಯರನ್ನು ಮೂರು ದಿನದಲ್ಲಿ ನಾನು ದಡ್ಡರನ್ನಾಗಿ ಮಾಡಿದ್ದೆ. ಅದು ನನಗೆ ಈಗಲೂ ನೋವು ಕೊಡುವ ವಿಷಯ. ನಾನು ಪರೀಕ್ಷೆ ಮಾಡುವಾಗ ನನ್ನ ಅಭ್ಯಾಸದಂತೆ ಡಯಲ್ ಮಾಡಿದ್ದೆ. ಅವರ ಅಭ್ಯಾಸ ಏನು ಅಂತ ಕೇಳಲೇ ಇಲ್ಲ.

ಪರಿಹಾರ ಹುಡುಕುವುದು ಸುಲಭ ಅನ್ನಿಸಬಹುದು. 00 ಆದಮೇಲೆ ಹತ್ತೇ ಅಂಕಿ ಇದ್ದರೆ ನಮ್ಮ ದೇಶ, ಬೇರೆ ಉದ್ದ ಇದ್ದರೆ ವಿದೇಶ ಅಂತ ಬರೆದರಾಯಿತಲ್ಲ? ನಮ್ಮ ಎಸ್‌ಟಿಡಿ ಕೋಡ್ ಉದ್ದ ಇದ್ದಷ್ಟು ನಂಬರ್ ಚಿಕ್ಕದು. ಬೆಂಗಳೂರಿಗೆ ಕೋಡ್ ಎರಡಂಕಿ, ನಂಬರ್ ಎಂಟು. ಮೈಸೂರಿಗೆ ಮೂರು ಮತ್ತು ಏಳು. ಶಿವಮೊಗ್ಗಕ್ಕೆ ನಾಲ್ಕು ಮತ್ತು ಆರು. ಮುಂದಿನ ಸೊನ್ನೆ ಬಿಟ್ಟರೆ ಒಟ್ಟು ಹತ್ತೇ. ಮೊಬೈಲೂ ಹತ್ತು. ದುಬೈನ ಮೊಬೈಲ್‌ಗೆ ಮಾಡಿದರೆ 971 ಮತ್ತು ಒಂಬತ್ತು, ಹನ್ನೆರಡಾಗುತ್ತದೆ. ಕತಾರ್, ಒಮಾನ್‌ಗೆ ಮೂರು ಮತ್ತು ಎಂಟು, ಹನ್ನೊಂದು. ಇದನ್ನು ನೋಡಿ ನನಗೂ ಖುಷಿಯಾಗಿತ್ತು. ಆದರೆ ಸಿಂಗಾಪುರ ಕೈ ಕೊಡುತ್ತದೆ. 65 ಮತ್ತು ಎಂಟು, ಸರಿಯಾಗಿ ಹತ್ತು. ಮಂಡಿಯ ಯಜಮಾನರ ಮಗಳು ಇದ್ದದ್ದು ಸಿಂಗಾಪುರದಲ್ಲೇ.

ಕೊನೆಗೆ ಹೀಗೆ ಮಾಡಿದೆ. ಐಎಸ್‌ಡಿಯನ್ನೇ ಬೇರೆ ಬಾಗಿಲಿಗೆ ಹಾಕಿದೆ. ವಿದೇಶಕ್ಕೆ ಮಾಡುವವರು ಮೊದಲು 55 ಒತ್ತಬೇಕು, ಆಮೇಲೆ 00. ಆ ಮಂಡಿಯಲ್ಲಿ ವಿದೇಶಕ್ಕೆ ಮಾಡುವವರು ಇಬ್ಬರೇ. ಇಬ್ಬರು ಹೊಸ ಅಭ್ಯಾಸ ಕಲಿಯುವುದು ಹನ್ನೆರಡು ಜನ ಹಳೆಯ ಅಭ್ಯಾಸ ಬಿಡುವುದಕ್ಕಿಂತ ಸುಲಭ. ಹಾಗೆ ಬಾಗಿಲು ಬೇರೆ ಆದ ಮೇಲೆ, 00 ಮತ್ತು ಹತ್ತಂಕಿ ಬಂದರೆ ಅದು ಗುಮಾಸ್ತರ ಕೈ ಅಂತ ಗೊತ್ತು. ಮೊದಲ ಸೊನ್ನೆ ಕಿತ್ತು ಒಳನಾಡಿನ ರೂಟಿಗೆ ಕಳಿಸುತ್ತೇನೆ. ಫ್ರೀಪಿಬಿಎಕ್ಸ್‌ನಲ್ಲಿ ಇದಕ್ಕೆ ಜಾಗ ಇದೆ. ಪ್ರಿಫಿಕ್ಸ್ ಅನ್ನುವ ಕಡೆ ಬರೆದದ್ದನ್ನು ಕಿತ್ತುಹಾಕುತ್ತದೆ, ಪ್ರಿಪೆಂಡ್ ಅನ್ನುವ ಕಡೆ ಬರೆದದ್ದನ್ನು ಮುಂದೆ ಸೇರಿಸುತ್ತದೆ. ಯಾರಾದರೂ ಮರೆತು 55 ಇಲ್ಲದೆ ಸಿಂಗಾಪುರಕ್ಕೆ ಮಾಡಿದರೆ ಕರೆ ನಮ್ಮ ದೇಶದ 65ರ ನಂಬರಿಗೆ ಹೋಗಬಹುದು. ರಾಂಗ್ ನಂಬರ್ ಆಗುತ್ತದೆ, ಅಷ್ಟೇ. ಉಳಿದ ಯಾವುದೇ 00ಕ್ಕೆ, ವಿದೇಶಕ್ಕೆ ಮೊದಲು 55 ಒತ್ತಿ ಅಂತ ಕನ್ನಡದಲ್ಲಿ ರೆಕಾರ್ಡ್ ಮಾಡಿದ ಮಾತು ಕೇಳಿಸುತ್ತದೆ.

ಇಲ್ಲಿ ಇನ್ನೊಂದು ಸೊನ್ನೆಯ ಕಥೆ ಸೇರಿಕೊಳ್ಳುತ್ತದೆ. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿಂದ ಮೊಬೈಲ್‌ಗೆ ಮಾಡಬೇಕಾದರೆ ಮುಂದೆ ಸೊನ್ನೆ ಹಾಕಲೇಬೇಕು ಅಂತ ದೂರಸಂಪರ್ಕ ಇಲಾಖೆ ನಿಯಮ ತಂದಿತು. ಹೊಸ ನಂಬರುಗಳಿಗೆ ಜಾಗ ಮಾಡಿಕೊಳ್ಳುವುದು ಅದರ ಉದ್ದೇಶ. ಅವತ್ತು ಬೆಳಿಗ್ಗೆ ಎಷ್ಟೋ ಆಫೀಸುಗಳಲ್ಲಿ ಫೋನ್ ಕೆಟ್ಟಿದೆ ಅಂತ ಗಲಾಟೆ. ಕೆಟ್ಟಿರಲಿಲ್ಲ. ರೂಟಿನಲ್ಲಿ ಸೊನ್ನೆ ಸೇರಿಸುವ ಒಂದು ಸಾಲು ಇರಲಿಲ್ಲ. ನಮ್ಮ ಸಿಪ್ ಟ್ರಂಕಿನವರು ಕೇಳುತ್ತಿದ್ದದ್ದು ಬೇರೆ: ಮುಂದೆ 91, ಆಮೇಲೆ ಹತ್ತಂಕಿ. ಒಬ್ಬೊಬ್ಬ ಆಪರೇಟರ್‌ದು, ಅಂದರೆ ಲೈನ್ ಕೊಡುವ ಫೋನ್ ಕಂಪನಿಯದು, ಒಂದೊಂದು ಬಗೆ. ಸಂಪರ್ಕ ತೆಗೆದುಕೊಳ್ಳುವ ದಿನವೇ, ನಂಬರ್ ಯಾವ ರೂಪದಲ್ಲಿ ಬೇಕು ಅಂತ ಬರಹದಲ್ಲಿ ಕೇಳಿ ಇಟ್ಟುಕೊಳ್ಳಿ.

ಇದರಿಂದ ನಾನು ಒಂದು ಪದ್ಧತಿ ಇಟ್ಟುಕೊಂಡೆ. ಜನ ಒತ್ತುವ ನೂರೆಂಟು ರೂಪಗಳನ್ನು ರೂಟಿನಲ್ಲಿ ತೊಳೆದು ಒಂದೇ ರೂಪಕ್ಕೆ ತರುತ್ತೇನೆ, ಬರೀ ಹತ್ತಂಕಿ. ಅಲ್ಲಿಂದ ಆಪರೇಟರ್ ಕೇಳುವ ರೂಪಕ್ಕೆ ಬದಲಿಸುವುದು ಟ್ರಂಕಿನಲ್ಲಿ. ಲ್ಯಾಂಡ್‌ಲೈನ್ ಟ್ರಂಕ್ ತಾನೇ ಸೊನ್ನೆ ಸೇರಿಸಿಕೊಳ್ಳುತ್ತದೆ, ಸಿಪ್ ಟ್ರಂಕ್ ತಾನೇ 91 ಸೇರಿಸಿಕೊಳ್ಳುತ್ತದೆ. ಎರಡನ್ನೂ ಒಂದೇ ಕಡೆ ಕಲಸಿಬಿಟ್ಟರೆ, ಆಪರೇಟರ್ ಬದಲಾಯಿಸಿದ ದಿನ ಎಲ್ಲ ರೂಟೂ ಬಿಚ್ಚಬೇಕಾಗುತ್ತದೆ.

ಈಗ ಹೇಳುವುದು ಇವತ್ತಿನ ಮಾತಿನಲ್ಲಿ ತುಂಬಾ ಮುಖ್ಯವಾದದ್ದು. ಸ್ವಲ್ಪ ಗಮನ ಕೊಟ್ಟು ಕೇಳಿ.

ಹೆದ್ದಾರಿ ಪಕ್ಕದ ಒಂದು ಸಣ್ಣ ಕಾರ್ಖಾನೆಗೆ ಫೋನ್ ಹಾಕಿಕೊಟ್ಟಿದ್ದೆ. ಎಕ್ಸ್‌ಟೆನ್ಷನ್‌ಗಳಿಗೆ 101ರಿಂದ 120ರವರೆಗೆ ನಂಬರ್ ಕೊಟ್ಟಿದ್ದೆ. ಎಲ್ಲರೂ ಹಾಗೇ ಕೊಡುತ್ತಾರೆ, ಅಲ್ವಾ? ನೂರಾ ಒಂದು ಅಂದರೆ ರಿಸೆಪ್ಷನ್, ನೂರಾ ಎರಡು ಮ್ಯಾನೇಜರ್. ಹೀಗೆ ಎಣಿಸುತ್ತಾ ಹೋದಾಗ ನೂರಾ ಎಂಟು ಸ್ಟೋರ್ ರೂಮಿಗೆ ಬಿತ್ತು. ಒಂದು ಮಧ್ಯಾಹ್ನ ಯಂತ್ರಕ್ಕೆ ಒಬ್ಬ ಹುಡುಗನ ಕೈ ಸಿಕ್ಕಿತು. ಪಕ್ಕದಲ್ಲಿದ್ದವನು ಓಡಿ ಗೋಡೆಯ ಫೋನಿನಿಂದ 108 ಒತ್ತಿದ. ಸ್ಟೋರ್ ರೂಮಿನಲ್ಲಿ ಗಂಟೆ ಹೊಡೆಯಿತು. ಊಟದ ಹೊತ್ತು, ಅಲ್ಲಿ ಯಾರೂ ಇರಲಿಲ್ಲ. ಆಂಬುಲೆನ್ಸಿನವರು ಎತ್ತುತ್ತಿಲ್ಲ ಅಂದುಕೊಂಡು ಅವನು ಮತ್ತೆ ಮತ್ತೆ ಒತ್ತುತ್ತಲೇ ಇದ್ದ. ಕೊನೆಗೆ ಯಾರೋ ಮೊಬೈಲಿನಿಂದ ಮಾಡಿದರು. ಹುಡುಗನ ಕೈ ಉಳಿಯಿತು. ಆ ನಡುವೆ ಹೋದ ನಿಮಿಷಗಳು ಮಾತ್ರ ನನ್ನ ಲೆಕ್ಕಕ್ಕೆ ಸೇರಿದ್ದು. ಆ ತಪ್ಪು ಕಾರ್ಖಾನೆಯವರದಲ್ಲ, ನನ್ನದು.

ಅವತ್ತಿನಿಂದ ನಾನು ಒಂದರಿಂದ ಶುರುವಾಗುವ ಎಕ್ಸ್‌ಟೆನ್ಷನ್ ಕೊಡುವುದಿಲ್ಲ. 100 ಪೊಲೀಸ್, 101 ಅಗ್ನಿಶಾಮಕ, 108 ಆಂಬುಲೆನ್ಸ್, 112 ಎಲ್ಲಕ್ಕೂ ಸೇರಿ, 181 ಮಹಿಳಾ ಸಹಾಯವಾಣಿ. ಈ ಅಂಕಿಗಳು ಆಫೀಸಿಗೆ ಸೇರಿದ್ದಲ್ಲ. 301ರಿಂದ ಶುರು ಮಾಡಿ, ಯಾರಿಗೂ ನಷ್ಟ ಇಲ್ಲ.

ಎರಡನೆಯದು, ಗಾಬರಿಯಲ್ಲಿ ಇರುವವರು ಅಭ್ಯಾಸದಂತೆ ಒತ್ತುತ್ತಾರೆ. ಸೊನ್ನೆ ಒತ್ತಿ ಲೈನ್ ತೆಗೆದು ಅಭ್ಯಾಸ ಇದ್ದವರು 0108 ಒತ್ತುತ್ತಾರೆ, 0112 ಒತ್ತುತ್ತಾರೆ. ಅದೂ ಹೋಗಬೇಕು. ರೂಟಿನಲ್ಲಿ ಎರಡೂ ರೂಪ ಬರೆಯಿರಿ. ಆದರೆ 0112ರಲ್ಲಿ ಒಂದು ಸಿಕ್ಕು ಇದೆ. ದಿಲ್ಲಿಯ ಕೋಡ್ 011, ಅಲ್ಲಿನ ಬಹಳಷ್ಟು ಲ್ಯಾಂಡ್‌ಲೈನ್ 2ರಿಂದ ಶುರು. ರೂಟಿನಲ್ಲಿ ಸರಿಯಾಗಿ ನಾಲ್ಕೇ ಅಂಕಿ ಅಂತ ಬರೆದರೆ ತೊಂದರೆ ಇಲ್ಲ. 0112 ಆದಮೇಲೆ ಚುಕ್ಕೆ ಇಟ್ಟಿರೋ, ದಿಲ್ಲಿ ಕರೆಯೆಲ್ಲ ತುರ್ತು ರೂಟಿಗೆ ಬೀಳುತ್ತದೆ. ಇನ್ನು ಹಳೆಯ ಸಾದಾ ಫೋನನ್ನು ಅಡಾಪ್ಟರ್ ಹಾಕಿ ಜೋಡಿಸಿದ್ದರೆ, ಆ ಅಡಾಪ್ಟರಿನೊಳಗೂ ಅದರದ್ದೇ ಒಂದು ನಂಬರ್ ಪಟ್ಟಿ ಇರುತ್ತದೆ. ಅಲ್ಲಿ 0112 ಕಂಡ ಕೂಡಲೇ ಕಳಿಸು ಅಂತಿದ್ದರೆ ದಿಲ್ಲಿಗೆ ಡಯಲ್ ಮಾಡಿ ಮುಗಿಸುವುದಕ್ಕೇ ಬಿಡುವುದಿಲ್ಲ. ಅಲ್ಲಿ ಮೂರ್ನಾಲ್ಕು ಸೆಕೆಂಡ್ ಕಾಯುವ ಹಾಗೆ ಇಡಿ.

ಮೂರನೆಯದು, ತುರ್ತು ಕರೆ ಯಾವ ಊರಿನಿಂದ ಹೊರಗೆ ಹೋಗುತ್ತದೆ? ಮುಖ್ಯ ಆಫೀಸ್ ಬೆಂಗಳೂರಿನಲ್ಲಿ, ಶಾಖೆ ಸಾಗರದಲ್ಲಿ, ಎಲ್ಲರಿಗೂ ಬೆಂಗಳೂರಿನ ಒಂದೇ ಟ್ರಂಕ್ ಅಂತಿಟ್ಟುಕೊಳ್ಳಿ. ಸಾಗರದವರು 100 ಒತ್ತಿದರೆ ಕರೆ ಬೆಂಗಳೂರಿನಿಂದ ಬಂದ ಹಾಗೆ ಕಾಣಿಸುತ್ತದೆ. ಹಾಗಾಗಿ ಪ್ರತಿ ಶಾಖೆಯಲ್ಲೂ ಒಂದು ಸ್ಥಳೀಯ ಲೈನ್ ಇರಲಿ. ಲ್ಯಾಂಡ್‌ಲೈನ್ ಇಲ್ಲದಿದ್ದರೆ ಒಂದು ಸಿಮ್ ಆದರೂ ಸರಿ. ತುರ್ತು ರೂಟಿನಲ್ಲಿ ಅದೇ ಮೊದಲನೆಯದಾಗಿರಲಿ. ಆ ಪೆಟ್ಟಿಗೆಗೆ, ರೂಟರ್‌ಗೆ ಯುಪಿಎಸ್ ಇರಲಿ. ತಿಂಗಳಿಗೆ ಇನ್ನೂರು ಮುನ್ನೂರು ರೂಪಾಯಿ ಉಳಿಸಲು ಅದನ್ನು ತೆಗೆಸುತ್ತೇನೆ ಅಂತ ಯಜಮಾನರು ಹೇಳಿದರೆ, ದಯವಿಟ್ಟು ಒಪ್ಪಬೇಡಿ.

ತುರ್ತು ರೂಟ್ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಇರಬೇಕು. ಫ್ರೀಪಿಬಿಎಕ್ಸ್ ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡುತ್ತದೆ, ಮೊದಲು ಹೊಂದಿದ ರೂಟೇ ಗೆದ್ದಂತೆ. ಮೇಲೆ ಯಾರೋ ಚುಕ್ಕೆಯ ರೂಟ್ ಇಟ್ಟಿದ್ದರೆ ಕೆಳಗಿನ ನಿಮ್ಮ ಅಚ್ಚುಕಟ್ಟಾದ ರೂಟುಗಳ ಸರದಿ ಬರುವುದೇ ಇಲ್ಲ. ಚುಕ್ಕೆ ಕಂಡರೆ ಭಯ ಅಂದದ್ದು ಇದಕ್ಕೇ.

ನಮ್ಮ ಮಲೆನಾಡಿನವರಿಗೆ ಲೈನ್ ಹೋಗುವುದು ಹೊಸದಲ್ಲ. ಮಳೆಗಾಲದಲ್ಲಿ ಮರ ಬೀಳುತ್ತದೆ, ಉಳಿದ ಕಾಲದಲ್ಲಿ ರಸ್ತೆ ಅಗೆಯುವ ಜೆಸಿಬಿ ಫೈಬರ್ ಕೀಳುತ್ತದೆ. ಹಾಗಾಗಿ ಒಂದು ರೂಟಿಗೆ ಎರಡು ಮೂರು ಟ್ರಂಕ್ ಸಾಲಾಗಿ ಕೊಡುತ್ತೇವೆ. ಮೊದಲನೆಯದು ಸಿಗದಿದ್ದರೆ ಎರಡನೆಯದು. ಇಷ್ಟು ಎಲ್ಲರೂ ಮಾಡುತ್ತಾರೆ. ಆದರೂ ಫೈಬರ್ ಹೋದ ದಿನ ಕರೆ ಹೋಗುವುದಿಲ್ಲ. ಯಾಕೆ ಗೊತ್ತಾ? ಸಿಪ್ ನಿಯಮದ ಪ್ರಕಾರ ಆ ಕಡೆಯಿಂದ ಉತ್ತರವೇ ಬಾರದಿದ್ದರೆ ಯಂತ್ರ 32 ಸೆಕೆಂಡ್ ಕಾಯುತ್ತದೆ. ಆಮೇಲೆ ಎರಡನೇ ಟ್ರಂಕ್. ಸದ್ದಿಲ್ಲದ ರಿಸೀವರನ್ನು ಕಿವಿಗಿಟ್ಟುಕೊಂಡು ಅರ್ಧ ನಿಮಿಷ ಯಾರು ಕೂರುತ್ತಾರೆ? ಹತ್ತು ಸೆಕೆಂಡಿಗೆ ಇಟ್ಟುಬಿಡುತ್ತಾರೆ. ಟ್ರಂಕಿನಲ್ಲಿ ಕ್ವಾಲಿಫೈ ಅಂತ ಒಂದು ಆಯ್ಕೆ ಇದೆ. ಅದು ಆನ್ ಇದ್ದರೆ ಯಂತ್ರ ಆಗಾಗ 'ಇದ್ದೀಯಾ?' ಅಂತ ಟ್ರಂಕನ್ನು ವಿಚಾರಿಸುತ್ತಿರುತ್ತದೆ. ಲೈನ್ ಸತ್ತಿದೆ ಅಂತ ಮೊದಲೇ ಗೊತ್ತಿರುವುದರಿಂದ ಕರೆ ನೇರ ಎರಡನೆಯದಕ್ಕೆ ಹೋಗುತ್ತದೆ. ಇದನ್ನು ನಂಬಬೇಡಿ, ಕೇಬಲ್ ಕಿತ್ತು ನೋಡಿ. ಆಫೀಸ್ ಮುಗಿದ ಮೇಲೆ ಕಿತ್ತು, ಗಡಿಯಾರ ಹಿಡಿದು, ಎಷ್ಟು ಸೆಕೆಂಡಿಗೆ ರಿಂಗ್ ಆಗುತ್ತದೆ ಅಂತ ಬರೆದಿಡಿ.

ಸಿಮ್ ಗೇಟ್‌ವೇ ವಿಷಯದಲ್ಲಿ ಒಂದು ಎಚ್ಚರಿಕೆ. ಸಿಮ್ ಆಫೀಸಿನ ಹೆಸರಿನಲ್ಲೇ ಇರಲಿ, ನಿಮ್ಮ ಆಫೀಸಿನ ಕರೆಗೆ ಮಾತ್ರ ಇರಲಿ. ವಿದೇಶದಿಂದ ಇಂಟರ್ನೆಟ್‌ನಲ್ಲಿ ಬಂದ ಕರೆಗಳನ್ನು ಸಿಮ್ ಮೂಲಕ ಸ್ಥಳೀಯ ಕರೆಯಂತೆ ಬಿಡುವುದು ಅಪರಾಧ. ಪೊಲೀಸರು ಬಂದು ಪೆಟ್ಟಿಗೆ ಸಮೇತ ಒಯ್ಯುತ್ತಾರೆ. 'ಸುಮ್ನೆ ಒಂದು ಮೂಲೆಯಲ್ಲಿ ಇಟ್ಟುಕೊಳ್ಳಿ, ತಿಂಗಳಿಗೆ ಇಷ್ಟು ಕೊಡುತ್ತೇವೆ' ಅಂತ ಯಾರಾದರೂ ಬಂದರೆ ಬಾಗಿಲಲ್ಲೇ ಕಳಿಸಿ.

ಇನ್ನು, ಯಾರು ಎಲ್ಲಿಗೆ ಮಾಡಬಹುದು. ಇಲ್ಲಿ ಯಜಮಾನರು ತುಂಬ ಬಿಗಿ ಮಾಡು ಅನ್ನುತ್ತಾರೆ. ವಾಚ್‌ಮನ್ ಫೋನಿನಿಂದ ಮೊಬೈಲ್‌ಗೆ ಹೋಗಬಾರದು, ಕಾರಿಡಾರ್ ಫೋನಿನಿಂದ ಒಳಗೆ ಮಾತ್ರ. ನನ್ನ ಅಭಿಪ್ರಾಯ ಬೇರೆ. ಇವತ್ತು ಬಹಳಷ್ಟು ಪ್ಲಾನ್‌ಗಳಲ್ಲಿ ದೇಶದೊಳಗಿನ ಕರೆಗೆ ಬೇರೆ ಖರ್ಚೇ ಇಲ್ಲ. ರಾತ್ರಿ ಒಬ್ಬನೇ ಇರುವ ವಾಚ್‌ಮನ್ ಮ್ಯಾನೇಜರ್ ಮೊಬೈಲ್‌ಗೆ ಮಾಡಲಾಗದೆ ಒದ್ದಾಡಬಾರದು. ದೇಶದೊಳಗೆ ಎಲ್ಲರಿಗೂ ಬಿಡಿ. ಬೀಗ ಹಾಕಬೇಕಾದ್ದು ಐಎಸ್‌ಡಿಗೆ. ಅದನ್ನು ಗಟ್ಟಿಯಾಗಿ ಹಾಕಿ.

ಯಾಕೆಂದರೆ ಐಎಸ್‌ಡಿಯ ಕಳ್ಳರು ನಿಮ್ಮ ಆಫೀಸಿನೊಳಗೆ ಇಲ್ಲ. ನನಗೆ ಗೊತ್ತಿರುವ ಒಂದು ಆಫೀಸಿನಲ್ಲಿ ಬೇರೆ ಯಾರೋ ಕೂರಿಸಿದ್ದ ಫೋನು. ಎಕ್ಸ್‌ಟೆನ್ಷನ್ 1001ಕ್ಕೆ ಪಾಸ್‌ವರ್ಡ್ ಕೂಡ 1001. ಪೆಟ್ಟಿಗೆಯ 5060 ಪೋರ್ಟ್, ಅಂದರೆ ಸಿಪ್ ಕರೆಗಳು ಬರುವ ಬಾಗಿಲು, ಇಡೀ ಜಗತ್ತಿಗೆ ತೆರೆದಿತ್ತು. ಎರಡನೇ ಶನಿವಾರ, ಮರುದಿನ ಭಾನುವಾರ, ಆಫೀಸ್ ರಜೆ. ಆ ಎರಡು ರಾತ್ರಿ ಯಾರೋ ಹೊರಗಿನಿಂದ ಆ ಎಕ್ಸ್‌ಟೆನ್ಷನ್ ಆಗಿ ಲಾಗಿನ್ ಆಗಿ, ಹೆಸರೇ ಕೇಳದ ದೇಶಗಳ ದುಬಾರಿ ನಂಬರುಗಳಿಗೆ ನಿಲ್ಲಿಸದೆ ಕರೆ ಮಾಡಿದರು. ಆ ನಂಬರುಗಳಿಗೆ ಬರುವ ದುಡ್ಡಿನಲ್ಲಿ ಕಳ್ಳರಿಗೆ ಪಾಲು ಇರುತ್ತದೆ, ಅದೇ ಅವರ ವ್ಯಾಪಾರ. ಸೋಮವಾರ ಬೆಳಿಗ್ಗೆ ಅಲ್ಲಿಯ ಅಕೌಂಟೆಂಟ್ ಅಮ್ಮನವರ ಮೇಲೆ ಅನುಮಾನ ಬಂತು, 1001 ಅವರ ಮೇಜಿನ ಫೋನಾಗಿತ್ತು ಅಂತ. ಕರೆಗಳ ಲಾಗ್ ತೆಗೆದು, ಅವು ಯಾವ ಇಂಟರ್ನೆಟ್ ವಿಳಾಸದಿಂದ ಬಂದವು ಅಂತ ತೋರಿಸುವವರೆಗೆ ಆ ಹೆಣ್ಣುಮಗಳು ಅಳುತ್ತಾ ಕೂತಿದ್ದರು.

ಹಾಗಾಗಿ ಪಾಸ್‌ವರ್ಡ್ ಉದ್ದವಾಗಿ, ಯಂತ್ರವೇ ಕೊಟ್ಟದ್ದಾಗಿರಲಿ. 5060 ಅನ್ನು ಹೊರಗಿನವರಿಗೆ ಮುಚ್ಚಿ, ಆಪರೇಟರ್ ವಿಳಾಸಕ್ಕೆ ಮಾತ್ರ ತೆರೆಯಿರಿ. ಫೇಲ್‌ಟುಬ್ಯಾನ್ ಹಾಕಿ, ಪದೇ ಪದೇ ತಪ್ಪು ಪಾಸ್‌ವರ್ಡ್ ಕೊಟ್ಟವರನ್ನು ಅದು ಹೊರಗಿಡುತ್ತದೆ. ಐಎಸ್‌ಡಿ ಬೇಡದ ಆಫೀಸಾದರೆ ಆಪರೇಟರ್ ಕಡೆಯಿಂದಲೇ ಮುಚ್ಚಿಸಿ. ಬೇಕಾದರೆ 55ರ ಜೊತೆಗೆ ಪಿನ್ ಇಡಿ, ಬೇಕಾದ ದೇಶಗಳ ಕೋಡ್ ಮಾತ್ರ ಬರೆಯಿರಿ, ರಾತ್ರಿ ಮತ್ತು ರಜೆಯಲ್ಲಿ ಆ ರೂಟ್ ಮುಚ್ಚಿರಲಿ. ಮಂಡಿಯಲ್ಲಿ ನಾನು ಬರೆದದ್ದು ಎರಡೇ ದೇಶ: ಸಿಂಗಾಪುರ ಮತ್ತು ಯುಎಇ.

ಕಾಲರ್ ಐಡಿ ಬಗ್ಗೆ ಸ್ವಲ್ಪ. ಆಪರೇಟರ್ ನಿಮಗೆ ಕೊಟ್ಟ ನಂಬರನ್ನು ಮಾತ್ರ ನೀವು ತೋರಿಸಬಹುದು. ಬೇರೆ ನಂಬರ್ ಹಾಕಿದರೆ ಕೆಲವರು ಮುಖ್ಯ ನಂಬರ್ ತೋರಿಸಿ ಬಿಡುತ್ತಾರೆ, ಕೆಲವರು ಕರೆಯನ್ನೇ ತಿರಸ್ಕರಿಸುತ್ತಾರೆ. ಇದು ಕಾಡುವುದು ಕಾಲ್ ಫಾರ್ವರ್ಡ್ ಮಾಡುವಾಗ. ಹೊರಗಿಂದ ರೈತರೊಬ್ಬರು ಮಾಡಿದ ಕರೆಯನ್ನು ಯಜಮಾನರ ಮೊಬೈಲ್‌ಗೆ ತಿರುಗಿಸಿದರೆ, ಯಂತ್ರ ರೈತರ ನಂಬರನ್ನೇ ತೋರಿಸಲು ನೋಡುತ್ತದೆ, ಆಪರೇಟರ್ ಬೇಡ ಅನ್ನುತ್ತಾರೆ. ಆಫೀಸಿನ ಎಲ್ಲ ಕರೆಯೂ ಹೋಗುತ್ತದೆ, ತಿರುಗಿಸಿದ್ದು ಮಾತ್ರ ಹೋಗುವುದಿಲ್ಲ. ಹೀಗಾದರೆ ಮೊದಲು ಕಾಲರ್ ಐಡಿ ನೋಡಿ. ಹಾಗೇ, ನೀವು ತೋರಿಸುವ ನಂಬರಿಗೆ ವಾಪಸ್ ಮಾಡಿದರೆ ಯಾರಾದರೂ ಎತ್ತಬೇಕು. ಮಿಸ್ಡ್ ಕಾಲ್ ನೋಡಿ ಬಸ್ ಸ್ಟ್ಯಾಂಡಿನಿಂದ ತಿರುಗಿ ಮಾಡುವ ರೈತರಿಗೆ 'ಈ ನಂಬರ್ ಬಳಕೆಯಲ್ಲಿಲ್ಲ' ಅಂತ ಕೇಳಿಸಿದರೆ ಆ ಮಂಡಿಯ ಮೇಲೆ ನಂಬಿಕೆ ಹೇಗೆ ಬರಬೇಕು?

ಕೊನೆಯದು ಪರೀಕ್ಷೆ. ಮಂಡಿಯಲ್ಲಿ ಎರಡನೇ ಸಲ ನಾನು ಬೇರೆ ತರಹ ಮಾಡಿದೆ. ಒಂದು ದೊಡ್ಡ ಹಾಳೆ ತೆಗೆದುಕೊಂಡು ಪ್ರತಿಯೊಬ್ಬರ ಮೇಜಿಗೂ ಹೋದೆ. 'ನೀವು ದಿನಾ ಯಾರಿಗೆಲ್ಲ ಮಾಡ್ತೀರಿ, ಹೇಗೆ ಒತ್ತುತ್ತೀರಿ' ಅಂತ ಕೇಳಿ, ಅವರು ಹೇಳಿದ ಹಾಗೇ ಬರೆದುಕೊಂಡೆ. ಊರೊಳಗಿನ ಆರಂಕಿ. ಸೊನ್ನೆ ಹಾಕಿ ಆರಂಕಿ. ಕೋಡ್ ಹಾಕಿ, ಕೋಡ್ ಬಿಟ್ಟು. ಮೊಬೈಲ್ ಹತ್ತಂಕಿ, ಒಂದು ಸೊನ್ನೆ, ಎರಡು ಸೊನ್ನೆ, ಮೊಬೈಲಿನಿಂದ ನೋಡಿ ಬರೆದುಕೊಂಡ 91 ಸಮೇತ. ಬ್ಯಾಂಕಿನ 1800, 1860. ಒಂದೊಂದು ಸಾಲಿನ ಮುಂದೆ ಯಾವ ರೂಟ್, ಯಾವ ಟ್ರಂಕ್, ಆಪರೇಟರಿಗೆ ಯಾವ ರೂಪದಲ್ಲಿ ಹೋಗಬೇಕು ಅಂತ ಬರೆದೆ. ಆಮೇಲೆ ಅವರೇ ಡಯಲ್ ಮಾಡಿದರು, ನಾನು ಲ್ಯಾಪ್‌ಟಾಪಿನಲ್ಲಿ ಲಾಗ್ ನೋಡುತ್ತಾ ಕೂತೆ. ಹೋದದ್ದಕ್ಕೆ ಟಿಕ್, ಹೋಗದ್ದಕ್ಕೆ ಸುತ್ತು.

108, 112 ಪರೀಕ್ಷೆ ಮಾಡುವಾಗ ಆ ಕಡೆ ಇರುವವರ ಸಮಯ ವ್ಯರ್ಥ ಮಾಡಬೇಡಿ. ಮೊದಲು ಆ ರೂಟಿನ ಕರೆಯನ್ನು ನಿಮ್ಮ ಮೊಬೈಲ್‌ಗೆ ತಿರುಗಿಸಿಕೊಂಡು ಎಲ್ಲ ಫೋನಿನಿಂದಲೂ ನೋಡಿ. ಸರಿ ಇದೆ ಅನ್ನಿಸಿದ ಮೇಲೆ ಒಂದೇ ಒಂದು ನಿಜವಾದ ಕರೆ. ಎತ್ತಿದ ಕೂಡಲೇ, ಇದು ಆಫೀಸಿನ ಹೊಸ ಲೈನಿನ ಪರೀಕ್ಷೆ, ತೊಂದರೆ ಏನಿಲ್ಲ, ಧನ್ಯವಾದ ಅಂತ ಹೇಳಿ ಇಟ್ಟುಬಿಡಿ.

ಹಾಳೆ ಮುಗಿಯಿತು, ಸುತ್ತುಗಳೆಲ್ಲ ಟಿಕ್ ಆದವು ಅಂತ ನಾನು ಲ್ಯಾಪ್‌ಟಾಪ್ ಮುಚ್ಚುತ್ತಿದ್ದೆ. ಆ ಹಿರಿಯ ಗುಮಾಸ್ತರು ಕನ್ನಡಕ ಏರಿಸಿಕೊಂಡು ಹಾಳೆಯನ್ನು ಮೇಲಿನಿಂದ ಕೆಳಗೆ ಓದಿದರು. 'ತಮ್ಮಾ, ಕರೆಂಟ್ ಹೋದರೆ 1912ಕ್ಕೆ ಮಾಡ್ತೀವಲ್ಲ, ಅದು ಇದರಲ್ಲಿ ಕಾಣ್ತಾ ಇಲ್ಲ' ಅಂದರು. ನಿಜ, ನಾನು ಬರೆದಿರಲಿಲ್ಲ. ಮೂರಂಕಿಯ ತುರ್ತು ನಂಬರ್ ಇತ್ತು, ನಾಲ್ಕಂಕಿಯದು ಇರಲಿಲ್ಲ. ಲ್ಯಾಪ್‌ಟಾಪ್ ಮತ್ತೆ ತೆಗೆದು 19ರ ಮುಂದೆ ಎರಡು ಅಂಕಿ ಅಂತ ಒಂದು ಸಾಲು ಸೇರಿಸಿದೆ. ಸೈಬರ್ ವಂಚನೆಗೆ ಮಾಡುವ 1930 ಕೂಡ ಅದರಲ್ಲೇ ಬಂತು, ಮಕ್ಕಳ ಸಹಾಯವಾಣಿ 1098ಕ್ಕೆ ಬೇರೆ ಸಾಲು ಹಾಕಿದೆ. ಹಾಳೆಯ ಕೊನೆಗೆ ಅವರೇ ಪೆನ್ನು ತೆಗೆದು 1912 ಅಂತ ಬರೆದರು. ಆಮೇಲೆ ರಿಸೀವರ್ ಎತ್ತಿ, ಮೊದಲು ಒಂದು ಸೊನ್ನೆ ಒತ್ತಿ, ಒಂದು ಕ್ಷಣ ಕಾದು, ನಾಲ್ಕು ಅಂಕಿ ಒತ್ತಿದರು. ನಾನು ಲಾಗ್ ನೋಡುತ್ತಿದ್ದೆ. ಸೊನ್ನೆ ಕಳಚಿಕೊಂಡು ಕರೆ ಲ್ಯಾಂಡ್‌ಲೈನ್ ಹಿಡಿಯಿತು. ಆ ಕಡೆ ಎತ್ತಿದ ಸದ್ದು ನನಗೂ ಕೇಳಿಸಿತು. ಅವರು ಪೆನ್ನಿನಿಂದ ಟಿಕ್ ಹಾಕಿದರು.